ದನಿ ನೋಡು

ವಿಜಯಪುರ, ಜೋರಾಪುರ ಪೇಟಿ. ಮುಂಜಾನೆ ಏಳು.
ಸಿಮೆಂಟ್ ರಸ್ತೆ ಸೀಳಿ ನಳದ ಪೈಪ್ ಹಾಕಬೇಕು.
ದಾವಲಸಾಬ ಕಾಕಾ ಗೋಣಿತಟ್ಟಿನ ಮ್ಯಾಲ ಕಟರ್ ಇಟ್ಟು
ಮೊದಲು ಟಾಕಿ ಮುಚ್ಚಳ ನೋಡ್ತಾನ,
ಆಮ್ಯಾಲ ಗಾರ್ಡು, ಆಮ್ಯಾಲ ನನ್ನ.
"ಸೆರಗು?"
ಸಿಗಿಸೀನಿ.
"ಬಳಿ?"
ಮನ್ಯಾಗ ಬಿಚ್ಚಿಟ್ಟು ಬಂದೀನಿ ಕಾಕಾ.
ಗಂಡ ಇದ್ದಾಕಿ ಬರಿಗೈಲೆ ಹೊಂಟಾಳ ಅಂತ
ಓಣ್ಯಾಗ ಅಂತಾರ. ಅನ್ಲಿ.

ನಾನು ನೀರು ಹಿಡಿಯಾಕಿ.
ಕ್ಯಾನಿನ ಪಂಪ್ ಒತ್ತಿ, ತಿರುಗೂ ಚಕ್ರದ ಮ್ಯಾಲ ಸಣ್ಣ ಧಾರಿ.
ಧಾರಿ ತಪ್ಪಿದ್ರ ಧೂಳು ಏಳತದ,
ಗಿರಣಿ ಮುಂದಿನ ಹಿಟ್ಟಿನಂಗ ಬೆಳ್ಳಗ.
ಈ ಹಿಟ್ಟು ಎದಿಯೊಳಗ ನಾದಿಕೊಂಡು ಕಲ್ಲಾಗತದ.
ಇಳಕಲ್ಲ ಖಣಿಯಾಗ ಅವನ ತಮ್ಮ ಹಂಗ ಹೋದ.
ಒಮ್ಮೆ ಹೇಳ್ಯಾನ. ಎರಡನೇ ಸಲ ಹೇಳಿಲ್ಲ.

ದಿನಾ ಚಕ್ರ ಬಿಚ್ಚಿ, ತೋರಬೆರಳಿಗೆ ತೂಗಹಾಕಿ
ಸ್ಕ್ರೂಡ್ರೈವರಿನ ಹಿಡಿಕಿಲಿಂದ ಮೆತ್ತಗ ಬಡೀತಾನ.
ಕುಂಬಾರಗೇರ್ಯಾಗ ಗಡಿಗಿ ಕೊಳ್ಳೂವಾಗ
ನಮ್ಮವ್ವ ಬಡೀತಿದ್ಲಲ್ಲ, ಹಂಗ.
ಠಣ್ ಅಂದ್ರ ಹಚ್ಚು.
ಟಪ್ ಅಂದ್ರ ಬಿಡು.

ಬಡದು, ನನ್ನ ಮಾರಿ ನೋಡ್ತಾನ.
ಮೊದಲನೇ ವಾರ ತಿಳೀಲಿಲ್ಲ,
ಇಷ್ಟು ವರ್ಷದ ಮೇಸ್ತ್ರಿ
ನಿನ್ನೆ ಬಂದಾಕಿನ್ನ ಯಾಕ ಕೇಳ್ತಾನ ಅಂತ.
ಇಪ್ಪತ್ತೆರಡು ವರ್ಷ,
ಸಿಕ್ಕಾಗ ಕಿವಿಗೆ ಅರಳಿ, ಸಿಗದಾಗ ಹಂಗ.
ಕಟರಿನ ಕೂಗು ಒಳಗ ಹೊಕ್ಕು ಕುಂತು
ಉಳಿದ ದನಿ ಎಲ್ಲಾ ಹೊರಗ ಹಾಕ್ಯದ.
ಮೊಮ್ಮಗಳನ್ನ ಗೋಳಗುಮ್ಮಟಕ್ಕ ಕರಕೊಂಡು ಹೋಗಿದ್ದ.
ಆಚೆ ಗ್ವಾಡಿಗೆ ಬಾಯಿ ಹಚ್ಚಿ "ದಾದಾ" ಅಂದ್ಲಂತ ಕೂಸು.
ಏಳೂ ಸಲ ಮಂದಿ ಹೊಳ್ಳಿ ನೋಡಿದ್ರು.
ಇವ ನೋಡಲಿಲ್ಲ.

ಆ ಸೋಮವಾರ ದನಿ
ಠಣ್ಣೂ ಅಲ್ಲ, ಟಪ್ಪೂ ಅಲ್ಲ,
ನೆಗಡಿ ಬಂದಾವರು ಮಾತಾಡಿದಂಗ ಬಂತು.
ಸೂಪರ್‌ವೈಜರ್ ಹಿಟ್ನಳ್ಳಿ ಬಿಸಲಿಗೆ ಹಿಡದು ನೋಡ್ದ.
"ಎಲ್ಲದ ಸೀಳು? ಹನ್ನೊಂದಕ್ಕ ಸಾಹೇಬ್ರು ಬರ್ತಾರ, ಹಚ್ಚು."
ಖರೇನ, ಕಣ್ಣಿಗೆ ಏನೂ ಇರಲಿಲ್ಲ.
ನನ್ನ ಹದಿನೈದು ದಿನದ ಕೂಲಿ ಆ ಚಕ್ರದ ರೇಟು.
ಕಾಕಾ ಮತ್ತೊಮ್ಮೆ ಬಡದ. ನನ್ನ ನೋಡ್ದ.
ಕೈ ಅಡ್ಡ ಆಡಿಸಿದೆ.
ಕೈ ನಡುಗತಿತ್ತು, ಆದ್ರೂ ಅಡ್ಡನ ಆಡಿಸಿದೆ.

ಫರ್ಸಿ ತುದಿಗೆ ಚಕ್ರ ಇಟ್ಟು
ಸುತ್ತಿಗಿಲಿಂದ ಹೊಡದು ಮಣಿಸಿಬಿಟ್ಟ.
"ಸಂಜಿಗೆ ಇನ್ಯಾವನರ ಇದನ್ನ ಹಚ್ಚಬಾರದು."
ಹಿಟ್ನಳ್ಳಿ ಬೈದಿದ್ದು ನನಗೆಲ್ಲಾ ಕೇಳಿತು,
ಕಾಕಾಗ ಒಂದೂ ಕೇಳಲಿಲ್ಲ. ನಕ್ಕ.

ಗುರುವಾರ ಕಟರ್ ನನ್ನ ಕೈಗೆ ಕೊಟ್ಟ.
"ಗೆರಿ ನೇರ ಹೋಗಬೇಕು ಸಾಂವಕ್ಕ,
ನೀನು ಗೆರಿಗೆ ನೇರ ನಿಲ್ಲಬಾರದು.
ಒತ್ತಬ್ಯಾಡ, ಅದರ ಭಾರ ಅದಕ್ಕ ಸಾಕು.
ಚಕ್ರದ ಮ್ಯಾಲಿನ ಮೂಲಿ ಎಲ್ಲೂ ತಾಗಿಸಬ್ಯಾಡ,
ತಾಗಿತೋ, ಹೊಳ್ಳಿ ಮಾರಿಗೇ ಒದೀತದ,
ಹಾಲು ಹಿಂಡಿದವರ ಗುರ್ತು ಎಮ್ಮಿಗೆ ಇರತದ, ಇದಕ್ಕಿಲ್ಲ.
ಕಾದ ಇಂಜಿನ್ನಿಗೆ ಪೆಟ್ರೋಲ್ ಹಾಕಬ್ಯಾಡ,
ಒಂದು ಚಾ ಕುಡಿ.
ತಿರುಗೂದು ಪೂರಾ ನಿಲ್ಲೂತನಕ ನೆಲಕ್ಕ ಇಳಸಬ್ಯಾಡ."
ಮಾರಿಗೆ ಕನ್ನಡಕ, ಮೂಗಿಗೆ ಪಟ್ಟಿ.
ಆಮ್ಯಾಲ ತನ್ನ ತಲಿಮ್ಯಾಗಿನ ಹಳದಿ ಬಟ್ಟಲು ತಗದು
ನನ್ನ ಕಿವಿಗೆ ಹಚ್ಚಿದ.
ನಿಮಗ? ಅಂತ ಕೈಲೆ ಕೇಳ್ದೆ.
"ನನ್ನ ಕಿವ್ಯಾಗ ಕಳುವಾಗೂವಂಥಾದ್ದು
ಏನೂ ಉಳದಿಲ್ಲವ್ವ."

ನೀರಿನ ಕ್ಯಾನು ಅವನ ಕೈಯಾಗ.
ಒಂದಡಿ. ಎರಡಡಿ. ರಸ್ತೆ ಬಾಯಿ ಬಿಡ್ತು,
ಕೆಸರು ಹಾಲಿನಂಗ ಗಟಾರಕ್ಕ ಹರೀತು.
ಬಟ್ಟಲದೊಳಗ ನನ್ನ ಉಸರು ನನಗ ಕೇಳ್ತಿತ್ತು.
ಗೆರಿ ಎಲ್ಯೋ ಒಂದು ಕಡೆ ಸೊಟ್ಟ ಆಗ್ಯದ,
ಉಪ್ಪಿನವರ ಕಟ್ಟಿ ಮುಂದ. ಯಾರೂ ನೋಡಿಲ್ಲ.

ಸಂಜಿಗೆ ಮನ್ಯಾಗ ಬಳಿ ಏರಿಸಿಕೊಳ್ಳೂ ಮೊದಲು
ಒಂದೊಂದನ್ನೂ ಬೆರಳಿಗೆ ತೂಗಹಾಕಿ
ಉಗುರಿಲೆ ಬಡದು ನೋಡ್ದೆ.